ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ ಮೇಲೆ ಲಿಮಿಟ್ ಯಾವಾಗ ವಾಪಸ್ ಬರುತ್ತದೆ? 72 ಗಂಟೆ ಕಾಯಬೇಕು ಎಂಬುದು ನಿಜವೇ?

ಸಾರಾಂಶ

ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ ಮೇಲೆ 72 ಗಂಟೆ ಕಾರ್ಡ್ ಬಳಸಬಾರದು ಎಂಬ ನಿಯಮ ಇಲ್ಲ. ಕಟ್ಟಿದ ಕ್ಷಣದಲ್ಲೇ ಲಿಮಿಟ್ ವಾಪಸ್ ಬರಲೇಬೇಕು ಎಂಬ ನಿಯಮವೂ ಇಲ್ಲ. ನೀವು ಯಾವ ದಾರಿಯಲ್ಲಿ ಹಣ ಕಟ್ಟಿದಿರಿ, ನಿಮ್ಮ ಬ್ಯಾಂಕು ಅದನ್ನು ಕಾರ್ಡ್ ಲೆಕ್ಕಕ್ಕೆ ಯಾವಾಗ ಜಮೆ ಮಾಡಿತು ಎಂಬುದರ ಮೇಲೆ ಇದು ನಿಂತಿದೆ. ಕೆಲವು ನಿಮಿಷಗಳಿಂದ ಒಂದೆರಡು ಕೆಲಸದ ದಿನಗಳವರೆಗೆ ಸಮಯ ಹಿಡಿಯಬಹುದು. ಈ ನಡುವಿನ ಹೊತ್ತಿನಲ್ಲಿ ಗಾಬರಿಯಾಗಿ ಎರಡನೇ ಸಲ ಹಣ ಕಟ್ಟುವುದು, ಅಂತರ್ಜಾಲದಲ್ಲಿ ಸಿಕ್ಕ ನಂಬರ್‌ಗೆ ಕರೆ ಮಾಡುವುದು, ಇವೇ ನಿಜವಾದ ಅಪಾಯ.

ಒಂದು ಶನಿವಾರ ರಾತ್ರಿ ನಡೆದದ್ದು

ಹಾಸನದಲ್ಲಿರುವ ನನ್ನ ಚಿಕ್ಕಮ್ಮ ಒಂದು ಶನಿವಾರ ರಾತ್ರಿ ಫೋನ್ ಮಾಡಿ, "ದುಡ್ಡು ಎರಡು ಸಲ ಹೋಯ್ತು ಕಣೇ, ಲಿಮಿಟ್ ಮಾತ್ರ ಬಂದಿಲ್ಲ" ಎಂದರು. ಚಿಕ್ಕಪ್ಪನಿಗೆ ದಿಢೀರನೆ ಆಪರೇಷನ್ ಆಗಬೇಕಿತ್ತು. ಆಸ್ಪತ್ರೆಯಲ್ಲಿ 40,000 ರೂ. ಮುಂಗಡ ಕೇಳಿದ್ದರು. ಚಿಕ್ಕಮ್ಮನ ಕಾರ್ಡಿನ ಲಿಮಿಟ್ 60,000 ರೂ. ಅದರಲ್ಲಿ 45,000 ರೂ. ಆಗಲೇ ಖರ್ಚಾಗಿತ್ತು. 40,000 ರೂ. ಬಿಲ್ ಬಂದಿತ್ತು, ಕಟ್ಟಲು ಸೋಮವಾರ ಕಡೇ ದಿನ.

ಅವರು ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. ಈಗ ಬಿಲ್ ಕಟ್ಟಿದರೆ ಲಿಮಿಟ್ ಖಾಲಿಯಾಗುತ್ತದೆ, ಅದೇ ಕಾರ್ಡನ್ನು ಆಸ್ಪತ್ರೆಯ ಕೌಂಟರ್‌ನಲ್ಲಿ ಉಜ್ಜಿದರೆ ಒಂದೇ ದುಡ್ಡಿನಲ್ಲಿ ಎರಡೂ ಕೆಲಸ ಮುಗಿಯುತ್ತದೆ. ಹಾಗೆಂದು ಮೊಬೈಲ್ ಆ್ಯಪ್ ಒಂದರಲ್ಲಿ 40,000 ರೂ. ಕಟ್ಟಿದರು. ಪರದೆಯ ಮೇಲೆ ಹಸಿರು ಟಿಕ್ ಬಂತು. ಕೌಂಟರ್‌ನಲ್ಲಿ ಕಾರ್ಡ್ ಉಜ್ಜಿದರೆ "ಡಿಕ್ಲೈನ್ಡ್". ಹಣ ಹೋಗಿಲ್ಲವೇನೋ ಎಂದುಕೊಂಡು, ಔಷಧಿ ಖರ್ಚಿಗೆಂದು ಇಟ್ಟುಕೊಂಡಿದ್ದ ಇನ್ನೂ 40,000 ರೂ. ಕಟ್ಟಿದರು. ಆಗಲೂ ಡಿಕ್ಲೈನ್ಡ್.

ಆಮೇಲೆ ಅಂತರ್ಜಾಲದಲ್ಲಿ ಬ್ಯಾಂಕಿನ "ಕಸ್ಟಮರ್ ಕೇರ್" ನಂಬರ್ ಹುಡುಕಿದರು. ಫೋನ್ ಎತ್ತಿದವನು, "ಮೇಡಂ, ಲಿಮಿಟ್ ರಿಫ್ರೆಶ್ ಮಾಡಬೇಕು, ಒಂದು ಆ್ಯಪ್ ಕಳಿಸುತ್ತೇನೆ, ಇನ್‌ಸ್ಟಾಲ್ ಮಾಡಿ" ಎಂದ. ಅದೃಷ್ಟಕ್ಕೆ, ಇನ್‌ಸ್ಟಾಲ್ ಮಾಡುವ ಮೊದಲು ಅವರು ನನಗೆ ಫೋನ್ ಮಾಡಿದ್ದರು. ಆ ರಾತ್ರಿ ಆಸ್ಪತ್ರೆಯ ಮುಂಗಡ ಕಟ್ಟಿದ್ದು ಪಕ್ಕದ ಮನೆಯವರಿಂದ ತಂದ ಕೈಗಡದಿಂದ.

ಇದಾಗಿ ಕೆಲವು ದಿನಕ್ಕೆ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು: "ಆರ್‌ಬಿಐ ಹೊಸ ನಿಯಮ! ಬಿಲ್ ಕಟ್ಟಿದ 72 ಗಂಟೆ ಕ್ರೆಡಿಟ್ ಕಾರ್ಡ್ ಬಳಸಬೇಡಿ, ಬಳಸಿದರೆ ಡಬಲ್ ಬಡ್ಡಿ." ಚಿಕ್ಕಮ್ಮ ಅದಕ್ಕೆ ಕೈಮುಗಿದ ಎಮೋಜಿ ಹಾಕಿ, "ನನಗೆ ಆಗಿದ್ದು ಇದೇ" ಎಂದು ಬರೆದರು. ಅವರಿಗೆ ಆಗಿದ್ದು ಇದಲ್ಲ. ಏನಾಯಿತು ಎಂದು ಒಂದೊಂದಾಗಿ ನೋಡೋಣ.

ಆರ್‌ಬಿಐ ನಿಯಮ ಏನು ಹೇಳುತ್ತದೆ?

ಕ್ರೆಡಿಟ್ ಕಾರ್ಡ್ ವಿಚಾರದಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ವಿವರವಾದ ನಿರ್ದೇಶನ ಹೊರಡಿಸಿತು. ಅದು ಅದೇ ವರ್ಷ ಜುಲೈ 1ರಿಂದ ಜಾರಿಗೆ ಬಂತು. 2024ರ ಮಾರ್ಚ್‌ನಲ್ಲಿ ಅದಕ್ಕೆ ತಿದ್ದುಪಡಿಗಳಾದವು. ಅದರಲ್ಲಿ ಬಿಲ್ ಕಟ್ಟಿದ ಮೇಲೆ ಇಷ್ಟು ಗಂಟೆ ಕಾರ್ಡ್ ಬಳಸಬಾರದು ಎಂಬ ಮಾತು ಇಲ್ಲ. ಬಳಸಿದರೆ ಎರಡು ಪಟ್ಟು ಬಡ್ಡಿ ಎಂಬುದಂತೂ ಇಲ್ಲವೇ ಇಲ್ಲ. ಲಿಮಿಟ್ ಎಷ್ಟು ಉಳಿದಿದೆಯೋ ಅಷ್ಟನ್ನು ನೀವು ಯಾವಾಗ ಬೇಕಾದರೂ ಬಳಸಬಹುದು.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಹಣ ಕಟ್ಟಿದ ಇಷ್ಟು ಗಂಟೆಯೊಳಗೆ ಬ್ಯಾಂಕು ಲಿಮಿಟ್ ವಾಪಸ್ ಕೊಡಲೇಬೇಕು ಎಂಬ ಗಡುವು ಸಹ ಆ ನಿರ್ದೇಶನದಲ್ಲಿ ಇಲ್ಲ. ಹಾಗಾಗಿ ಒಂದು ಬ್ಯಾಂಕಿನ ಕಾರ್ಡಿಗೆ ಐದು ನಿಮಿಷದಲ್ಲಿ ಲಿಮಿಟ್ ಬಂದರೆ, ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಮರುದಿನ ಬರಬಹುದು. ಎರಡೂ ನಿಯಮ ಮುರಿದಂತಲ್ಲ.

ಹಸಿರು ಟಿಕ್ ಬಂದ ಮೇಲೂ ಲಿಮಿಟ್ ಯಾಕೆ ಬರುವುದಿಲ್ಲ?

ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ನೀವು ಸಂಜೆ ಹೋಗಿ ಹಳೇ ಬಾಕಿಯನ್ನು ಅಂಗಡಿಯ ಹುಡುಗನ ಕೈಗೆ ಕೊಟ್ಟಿರಿ. ಯಜಮಾನ ರಾತ್ರಿ ಲೆಕ್ಕ ಕೂಡಿಸುವಾಗ ಅದನ್ನು ಪುಸ್ತಕದಲ್ಲಿ ಹೊಡೆದು ಹಾಕುತ್ತಾನೆ. ಅಲ್ಲಿಯವರೆಗೆ ಪುಸ್ತಕ ತೆರೆದವರಿಗೆ ನಿಮ್ಮ ಬಾಕಿ ಹಾಗೇ ಕಾಣುತ್ತದೆ. ದುಡ್ಡು ಕಳೆದುಹೋಗಿಲ್ಲ, ಬರೆದುಕೊಂಡಿಲ್ಲ ಅಷ್ಟೇ.

ಕಾರ್ಡ್ ಬಿಲ್ ಕಟ್ಟುವಾಗಲೂ ಮೂರು ಹಂತ ನಡೆಯುತ್ತವೆ. ಮೊದಲು ನಿಮ್ಮ ಉಳಿತಾಯ ಖಾತೆಯಿಂದ ಹಣ ಹೊರಡುತ್ತದೆ. ನೀವು ನೋಡುವ ಹಸಿರು ಟಿಕ್ ಸಾಮಾನ್ಯವಾಗಿ ಹೇಳುವುದು ಇದನ್ನು. ಎರಡನೆಯದಾಗಿ, ಆ ಹಣ ಕಾರ್ಡ್ ಕೊಟ್ಟ ಬ್ಯಾಂಕನ್ನು ತಲುಪುತ್ತದೆ. ಮೂರನೆಯದಾಗಿ, ಬ್ಯಾಂಕಿನ ಕಾರ್ಡ್ ವಿಭಾಗದ ಕಂಪ್ಯೂಟರು ಅದನ್ನು ನಿಮ್ಮ ಕಾರ್ಡ್ ಲೆಕ್ಕಕ್ಕೆ ಜಮೆ ಮಾಡಿ ಲಿಮಿಟ್ ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರ ಕೇಳುವುದು ಈ ಮೂರನೇ ಹಂತದ ಲೆಕ್ಕವನ್ನು ಮಾತ್ರ. ಮೊದಲ ಎರಡು ಹಂತ ಸೆಕೆಂಡುಗಳಲ್ಲಿ ಮುಗಿದರೂ, ಮೂರನೆಯದನ್ನು ಬ್ಯಾಂಕು ದಿನಕ್ಕೆ ಕೆಲವು ಸಲ ಅಥವಾ ರಾತ್ರಿ ಒಟ್ಟಿಗೆ ಮಾಡುತ್ತಿದ್ದರೆ ನೀವು ಕಾಯಬೇಕಾಗುತ್ತದೆ.

ಯಾವ ದಾರಿಯಲ್ಲಿ ಕಟ್ಟಿದರೆ ಎಷ್ಟು ಹೊತ್ತು?

ಅದೇ ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್: ಕಾರ್ಡ್ ಮತ್ತು ಉಳಿತಾಯ ಖಾತೆ ಒಂದೇ ಬ್ಯಾಂಕಿನಲ್ಲಿದ್ದರೆ ಹಣ ಹೊರಗೆ ಹೋಗುವುದೇ ಇಲ್ಲ. ಸಾಮಾನ್ಯವಾಗಿ ಇದೇ ಎಲ್ಲಕ್ಕಿಂತ ಬೇಗ. ಹೆಚ್ಚಿನ ಸಲ ನಿಮಿಷಗಳಲ್ಲಿ ಲಿಮಿಟ್ ಬರುತ್ತದೆ.

ಯುಪಿಐ ಮತ್ತು ಐಎಂಪಿಎಸ್: ಹಣ ಸೆಕೆಂಡುಗಳಲ್ಲಿ ತಲುಪುತ್ತದೆ, ಭಾನುವಾರ, ಹಬ್ಬ ಎಂಬ ಭೇದವಿಲ್ಲ. ಕಾರ್ಡ್ ಲೆಕ್ಕಕ್ಕೆ ಜಮೆಯಾಗಲು ಕೆಲವು ನಿಮಿಷ ಅಥವಾ ಕೆಲವು ಗಂಟೆ ಬೇಕಾಗಬಹುದು.

ಬೇರೆ ಕಂಪನಿಯ ಪಾವತಿ ಆ್ಯಪ್‌ಗಳು: ಇವುಗಳಲ್ಲಿ ಕಟ್ಟುವ ಕಾರ್ಡ್ ಬಿಲ್ ಸಾಮಾನ್ಯವಾಗಿ ಭಾರತ್ ಕನೆಕ್ಟ್ ಮೂಲಕ ಹೋಗುತ್ತದೆ. ಹಿಂದೆ ಇದಕ್ಕೆ ಭಾರತ್ ಬಿಲ್ ಪೇ ಎನ್ನುತ್ತಿದ್ದರು. ನಡುವೆ ಒಂದೆರಡು ಕೈ ಹೆಚ್ಚು ಇರುವುದರಿಂದ ಕೆಲವೊಮ್ಮೆ ಒಂದು ಕೆಲಸದ ದಿನದವರೆಗೂ ಹಿಡಿಯುತ್ತದೆ.

ನೆಫ್ಟ್: 2019ರ ಡಿಸೆಂಬರ್ 16ರಿಂದ ಇದು ದಿನದ 24 ಗಂಟೆಯೂ ನಡೆಯುತ್ತದೆ. ಆದರೆ ಹಣ ಒಂದೊಂದಾಗಿ ಹೋಗುವುದಿಲ್ಲ, ಬಸ್ಸಿನಂತೆ ಅರ್ಧ ಗಂಟೆಗೊಂದು ತಂಡದಲ್ಲಿ ಹೊರಡುತ್ತದೆ. ದಿನಕ್ಕೆ ಇಂಥ 48 ತಂಡಗಳು. ತಂಡದ ಲೆಕ್ಕ ಮುಗಿದ ಎರಡು ಗಂಟೆಯೊಳಗೆ ಹಣ ಪಡೆದ ಬ್ಯಾಂಕು ಅದನ್ನು ಜಮೆ ಮಾಡಬೇಕು. ಕಾರ್ಡ್ ನಂಬರ್ ಅಥವಾ ಐಎಫ್‌ಎಸ್‌ಸಿ ಕೋಡ್‌ನಲ್ಲಿ ಒಂದಂಕಿ ತಪ್ಪಿದರೂ ಇನ್ನಷ್ಟು ತಡ.

ಆಟೋ ಡೆಬಿಟ್: ಬೇರೆ ಬ್ಯಾಂಕಿನ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಕೊಂಡಿದ್ದರೆ, ಕಡಿತವಾದ ದಿನ ರಾತ್ರಿ ಅಥವಾ ಮರುದಿನ ಜಮೆ ಕಾಣಬಹುದು.

ಚೆಕ್: ಎಲ್ಲಕ್ಕಿಂತ ನಿಧಾನ. 2025ರ ಅಕ್ಟೋಬರ್ 4ರಿಂದ ಚೆಕ್‌ಗಳನ್ನು ಹಿಂದಿನಂತೆ ಒಟ್ಟು ಮಾಡಿ ಕಳಿಸದೆ ದಿನವಿಡೀ ಕ್ಲಿಯರ್ ಮಾಡುವ ವ್ಯವಸ್ಥೆ ಬಂದಿದೆ. ಆದರೂ ಚೆಕ್ ಪಾಸಾಗುವವರೆಗೆ ಲಿಮಿಟ್ ಸಿಗುವುದಿಲ್ಲ ಎಂದೇ ಲೆಕ್ಕವಿಡಿ.

ಇವೆಲ್ಲ ಸಾಮಾನ್ಯವಾಗಿ ಕಾಣುವ ಅಂದಾಜು. ನಿಮ್ಮ ಬ್ಯಾಂಕು ಯಾವ ಯಾವ ದಾರಿಗಳನ್ನು ಒಪ್ಪುತ್ತದೆ ಎಂಬ ಪಟ್ಟಿಯನ್ನು ಅದು ತನ್ನ ವೆಬ್‌ಸೈಟಿನಲ್ಲಿ ಮತ್ತು ನಿಮ್ಮ ಬಿಲ್ಲಿನಲ್ಲಿ ಕೊಡಬೇಕು ಎಂದು 2024ರ ಮಾರ್ಚ್‌ನ ತಿದ್ದುಪಡಿ ಹೇಳುತ್ತದೆ. ಆ ಪಟ್ಟಿಯ ಹೊರಗಿನ ದಾರಿಯಲ್ಲಿ ಹಣ ಕಟ್ಟಬೇಡಿ.

ಪೂರ್ತಿ ಬಿಲ್ ಕಟ್ಟಿದೆ, ಲಿಮಿಟ್ ಮಾತ್ರ ಪೂರ್ತಿ ಬಂದಿಲ್ಲ. ಏಕೆ?

ಇದು ತುಂಬ ಜನ ಕೇಳುವ ಪ್ರಶ್ನೆ. ಹೆಚ್ಚಿನ ಸಲ ಬ್ಯಾಂಕಿನ ತಪ್ಪಿರುವುದಿಲ್ಲ, ನಮ್ಮ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿರುತ್ತದೆ.

ಒಂದು ಉದಾಹರಣೆ. ನಿಮ್ಮ ಲಿಮಿಟ್ 1,00,000 ರೂ. ಬಿಲ್ ಬಂದದ್ದು 60,000 ರೂ. ಬಿಲ್ ತಯಾರಾದ ಮೇಲೆ ನೀವು ಇನ್ನೂ 20,000 ರೂ. ಖರ್ಚು ಮಾಡಿದಿರಿ. ಈಗ ಉಳಿದಿರುವ ಲಿಮಿಟ್ 20,000 ರೂ. ನೀವು 60,000 ರೂ. ಬಿಲ್ ಪೂರ್ತಿ ಕಟ್ಟಿದರೆ ಲಿಮಿಟ್ 80,000 ರೂ. ಆಗುತ್ತದೆ, ಒಂದು ಲಕ್ಷ ಆಗುವುದಿಲ್ಲ. ಉಳಿದ 20,000 ರೂ. ಮುಂದಿನ ಬಿಲ್ಲಿಗೆ ಸೇರಿದ ಖರ್ಚು.

ಕನಿಷ್ಠ ಮೊತ್ತ, ಅಂದರೆ ಮಿನಿಮಮ್ ಡ್ಯೂ ಮಾತ್ರ ಕಟ್ಟಿದರೂ ಹೀಗೆಯೇ. 3,000 ರೂ. ಕಟ್ಟಿದರೆ ವಾಪಸ್ ಬರುವುದು 3,000 ರೂ. ಲಿಮಿಟ್ ಮಾತ್ರ. ಜೊತೆಗೆ ಉಳಿದ ಬಾಕಿಯ ಮೇಲೆ ಬಡ್ಡಿ ಶುರುವಾಗುತ್ತದೆ, ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ತಿಂಗಳಿಗೆ ಶೇ. 3.5 ಎಂದರೆ ಸಣ್ಣದು ಎನಿಸಬಹುದು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇ. 42.

ಇಎಂಐ ಮಾಡಿಸಿದ ಖರೀದಿಯೂ ಲಿಮಿಟ್ ಹಿಡಿದಿಡುತ್ತದೆ. 30,000 ರೂ. ಮೊಬೈಲನ್ನು 10 ತಿಂಗಳ ಕಂತಿಗೆ ತಂದರೆ, ಸಾಮಾನ್ಯವಾಗಿ ಮೊದಲ ದಿನವೇ 30,000 ರೂ. ಲಿಮಿಟ್ ಹೋಗುತ್ತದೆ. ಪ್ರತಿ ಕಂತು ಕಟ್ಟಿದಾಗ ಅದರಲ್ಲಿರುವ ಅಸಲಿನಷ್ಟು ಮಾತ್ರ ವಾಪಸ್ ಬರುತ್ತದೆ, ಬಡ್ಡಿ ಮತ್ತು ಜಿಎಸ್‌ಟಿ ಭಾಗ ಬರುವುದಿಲ್ಲ.

ಹೋಟೆಲಿನಲ್ಲಿ ರೂಮ್ ಮಾಡುವಾಗ ಅಥವಾ ಬಾಡಿಗೆ ಕಾರು ತೆಗೆದುಕೊಳ್ಳುವಾಗ ಮುಂಗಡವಾಗಿ ಕೆಲವು ಸಾವಿರ ರೂಪಾಯಿ ತಡೆ ಹಿಡಿಯುವುದುಂಟು. ಅದು ಖರ್ಚಲ್ಲ, ಬಿಲ್ಲಿನಲ್ಲೂ ಕಾಣದಿರಬಹುದು. ಅವರು ಬಿಡುವವರೆಗೆ ಲಿಮಿಟ್ ಮಾತ್ರ ಕಡಿಮೆ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಬಾಕಿಗಿಂತ ತುಂಬ ಹೆಚ್ಚು ಮೊತ್ತ ಕಟ್ಟಿದರೆ, ಅಥವಾ ಒಂದೇ ತಿಂಗಳಲ್ಲಿ ಪದೇ ಪದೇ ಪೂರ್ತಿ ಲಿಮಿಟ್ ಖಾಲಿ ಮಾಡಿ ತುಂಬಿಸುತ್ತಿದ್ದರೆ, ಬ್ಯಾಂಕು ಅದನ್ನು ಪರಿಶೀಲಿಸಲು ಲಿಮಿಟ್ ತಡೆ ಹಿಡಿಯಬಹುದು.

ಹೆಚ್ಚು ಕಟ್ಟಿದರೆ ಲಿಮಿಟ್ ಹೆಚ್ಚುತ್ತದೆಯೇ?

ಚಿಕ್ಕಮ್ಮನ ಎರಡೂ ಪಾವತಿ ಮರುದಿನ ಬೆಳಿಗ್ಗೆ ಜಮೆಯಾದವು. ಆ್ಯಪ್ ತೆರೆದರೆ ಲಿಮಿಟ್ 95,000 ರೂ. ತೋರಿಸುತ್ತಿತ್ತು. "ನೋಡೇ, 60,000 ಇದ್ದದ್ದು 95,000 ಆಗಿದೆ" ಎಂದು ಅವರಿಗೆ ಸ್ವಲ್ಪ ಸಮಾಧಾನವೂ ಆಯಿತು. ಆದರೆ ಬ್ಯಾಂಕು ಲಿಮಿಟ್ ಹೆಚ್ಚಿಸಿರಲಿಲ್ಲ. ಬಾಕಿ ಇದ್ದದ್ದು 45,000 ರೂ. ಅವರು ಕಟ್ಟಿದ್ದು 80,000 ರೂ. ಹೆಚ್ಚಾದ 35,000 ರೂ. ಅವರದೇ ದುಡ್ಡು, ಬಡ್ಡಿಯಿಲ್ಲದೆ ಕಾರ್ಡಿನಲ್ಲಿ ಕೂತಿತ್ತು. ಇಂಥ ಹಣವನ್ನು ಮುಂದಿನ ಖರ್ಚಿಗೆ ಬಳಸಬಹುದು, ಇಲ್ಲವೇ ಖಾತೆಗೆ ವಾಪಸ್ ಹಾಕುವಂತೆ ಬ್ಯಾಂಕನ್ನು ಕೇಳಬಹುದು. ಇದನ್ನು ನೋಡಿ ಲಿಮಿಟ್ ಏರಿದೆ ಎಂದು ತಿಳಿಯಬೇಡಿ.

ಲಿಮಿಟ್ ತಡವಾಗಿ ಬಂದರೆ ದಂಡ ಬೀಳುತ್ತದೆಯೇ?

ಲಿಮಿಟ್ ತಡವಾಗುವುದಕ್ಕೂ ಬಿಲ್ ತಡವಾಗಿ ಕಟ್ಟಿದ್ದಕ್ಕೂ ಸಂಬಂಧವಿಲ್ಲ. ದಂಡದ ವಿಚಾರದಲ್ಲಿ ನೋಡಬೇಕಾದದ್ದು ನಿಮ್ಮ ಹಣ ಕಡೇ ದಿನದೊಳಗೆ ಕಾರ್ಡಿಗೆ ಜಮೆಯಾಯಿತೇ ಎಂಬುದನ್ನು. ಇದರಲ್ಲಿ ಆರ್‌ಬಿಐ ನಿಯಮ ನಿಮಗೆ ಸ್ವಲ್ಪ ಆಸರೆ ಕೊಟ್ಟಿದೆ. ಬಾಕಿ ಕಡೇ ದಿನದಿಂದ ಮೂರು ದಿನಕ್ಕಿಂತ ಹೆಚ್ಚು ಉಳಿದರೆ ಮಾತ್ರ ಬ್ಯಾಂಕು ತಡ ಪಾವತಿ ಶುಲ್ಕ ಹಾಕಬಹುದು, ಕ್ರೆಡಿಟ್ ಬ್ಯೂರೋಗೆ ಬಾಕಿ ಎಂದು ವರದಿ ಮಾಡಬಹುದು. ಆದರೆ ಮೂರು ದಿನ ದಾಟಿದರೆ ಲೆಕ್ಕ ಶುರುವಾಗುವುದು ಮೂಲ ಕಡೇ ದಿನದಿಂದಲೇ. ಹಾಗಾಗಿ ಇದನ್ನು ಹೆಚ್ಚುವರಿ ಗಡುವು ಎಂದು ತಿಳಿಯದೆ, ತುರ್ತಿಗೆ ಇರುವ ಆಸರೆ ಎಂದಷ್ಟೇ ತಿಳಿಯಿರಿ. ಕಡೇ ದಿನಕ್ಕೆ ಎರಡು ಮೂರು ದಿನ ಮೊದಲೇ ಕಟ್ಟುವುದು ಒಳ್ಳೆಯದು.

ಕ್ರೆಡಿಟ್ ಸ್ಕೋರ್ ಕೂಡ ಲಿಮಿಟ್ ಬಂದ ದಿನವೇ ಬದಲಾಗುವುದಿಲ್ಲ. ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿಯನ್ನು ಬ್ಯೂರೋಗಳಿಗೆ ಕಳಿಸಬೇಕು ಎಂಬ ನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿತ್ತು. ನೀವು ಇಂದು ಬಿಲ್ ಕಟ್ಟಿದರೂ ಸ್ಕೋರಿನಲ್ಲಿ ಅದು ಕಾಣಲು ಒಂದಷ್ಟು ದಿನ ಬೇಕು.

ಲಿಮಿಟ್ ಬರದಿದ್ದರೆ ಏನು ಮಾಡಬೇಕು?

1. ಎರಡನೇ ಸಲ ಹಣ ಕಟ್ಟಬೇಡಿ. ಮೊದಲು ನಿಮ್ಮ ಉಳಿತಾಯ ಖಾತೆಯಿಂದ ಹಣ ಹೋಗಿದೆಯೇ ನೋಡಿ. ಹೋಗಿದ್ದರೆ ಅದು ದಾರಿಯಲ್ಲಿದೆ.

2. ಪಾವತಿಯ ಸ್ಕ್ರೀನ್‌ಶಾಟ್ ಮತ್ತು ವಹಿವಾಟು ಸಂಖ್ಯೆ ಇಟ್ಟುಕೊಳ್ಳಿ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಸರಿಯಿದೆಯೇ ನೋಡಿ.

3. ಕಾರ್ಡ್ ಕೊಟ್ಟ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲಿ ಇತ್ತೀಚಿನ ವಹಿವಾಟು ತೆರೆದು ಹಣ ಜಮೆಯಾಗಿದೆಯೇ ಪರಿಶೀಲಿಸಿ. ಬೇರೆ ಆ್ಯಪ್‌ಗಳು ತೋರಿಸುವ ಲಿಮಿಟ್ ಹಳೆಯದಾಗಿರಬಹುದು.

4. ಮರುದಿನದ ಕೆಲಸದ ಹೊತ್ತು ಮುಗಿದರೂ ಜಮೆ ಕಾಣದಿದ್ದರೆ, ಕಾರ್ಡಿನ ಹಿಂಭಾಗದಲ್ಲಿ ಅಚ್ಚಾದ ನಂಬರ್‌ಗೆ ಮಾತ್ರ ಕರೆ ಮಾಡಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ನಂಬರ್ ಬೇಡ.

5. ಯುಪಿಐ ಅಥವಾ ಐಎಂಪಿಎಸ್ ಹಣ ವರ್ಗಾವಣೆಯಲ್ಲಿ ಖಾತೆಯಿಂದ ಹಣ ಹೋಗಿ ಆಚೆ ಖಾತೆಗೆ ತಲುಪದಿದ್ದರೆ, ಮರುದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು ಎಂದು ಆರ್‌ಬಿಐ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಹೇಳಿದೆ. ತಡವಾದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕು.

6. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

"ಲಿಮಿಟ್ ರಿಫ್ರೆಶ್" ಎಂಬುದು ಇದೆಯೇ?

ಹಾಗೊಂದು ಸೇವೆ ಇಲ್ಲ. ಲಿಮಿಟ್ ವಾಪಸ್ ಬರಲು ನೀವು ಆ್ಯಪ್ ಇನ್‌ಸ್ಟಾಲ್ ಮಾಡಬೇಕಿಲ್ಲ, ಒಟಿಪಿ ಹೇಳಬೇಕಿಲ್ಲ, ಸಿವಿವಿ ಕೊಡಬೇಕಿಲ್ಲ, ಶುಲ್ಕವನ್ನೂ ಕಟ್ಟಬೇಕಿಲ್ಲ. ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ಇದನ್ನು ಒತ್ತಿ ಎಂದರೆ, ಒತ್ತಿದ ಮೇಲೆ ನಿಮ್ಮ ಫೋನಿಗೆ ಬರುವ ಒಟಿಪಿಗಳು ಅವರ ಕೈ ಸೇರಬಹುದು. ಬಿಲ್ ಕಟ್ಟಿ ಲಿಮಿಟ್‌ಗೆ ಕಾಯುತ್ತಿರುವವರು ಗಾಬರಿಯಲ್ಲಿರುತ್ತಾರೆ ಎಂದು ವಂಚಕರಿಗೆ ಚೆನ್ನಾಗಿ ಗೊತ್ತು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ತುರ್ತು ಇದ್ದಾಗ ಏನು ಮಾಡಬೇಕು?

ಆ ರಾತ್ರಿ ಚಿಕ್ಕಮ್ಮನ ಖಾತೆಯಲ್ಲಿ ಒಟ್ಟು 80,000 ರೂ. ಇತ್ತು. 40,000 ರೂ. ನೇರವಾಗಿ ಯುಪಿಐನಲ್ಲಿ ಆಸ್ಪತ್ರೆಗೆ ಕಟ್ಟಿ, ಸೋಮವಾರದೊಳಗೆ ಬಿಲ್ ಕಟ್ಟಿದ್ದರೆ ಕೈಗಡ ಬೇಕಿರಲಿಲ್ಲ. ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಯುಪಿಐ ಮೂಲಕ ಒಂದು ಸಲಕ್ಕೆ 5 ಲಕ್ಷ ರೂ.ವರೆಗೆ ಕಟ್ಟಲು ಅವಕಾಶ ಕೊಡುವುದಾಗಿ 2023ರ ಡಿಸೆಂಬರ್‌ನಲ್ಲೇ ಆರ್‌ಬಿಐ ಪ್ರಕಟಿಸಿತ್ತು. ಆದರೂ ನಿಮ್ಮ ಬ್ಯಾಂಕಿನ ದಿನದ ಮಿತಿ ಎಷ್ಟೆಂದು ಮೊದಲೇ ನೋಡಿಟ್ಟುಕೊಳ್ಳಿ.

ಕೈಯಲ್ಲಿರುವ ಹಣವನ್ನು ಕಾರ್ಡಿಗೆ ಹಾಕಿ, ಅದೇ ಕಾರ್ಡಿನಿಂದ ತುರ್ತು ಖರ್ಚು ಮಾಡುವ ಯೋಚನೆ ಬಂದಾಗ ಒಂದು ಮಾತು ನೆನಪಿರಲಿ. ಹಣ ಕಾರ್ಡಿಗೆ ಹೋದ ಮೇಲೆ ಅದು ಯಾವಾಗ ಬಳಕೆಗೆ ಸಿಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಆಸ್ಪತ್ರೆ, ಕಾಲೇಜು ಫೀಸು, ಪ್ರಯಾಣದಂಥ ಕಾಯಲಾಗದ ಖರ್ಚಿಗೆ ಹಣವನ್ನು ನೇರವಾಗಿ ಕಟ್ಟಿ. ಆಗ ಬಿಲ್ಲಿಗೆ ಹಣ ಸಾಲದಿದ್ದರೆ ಕನಿಷ್ಠ ಮೊತ್ತವನ್ನಾದರೂ ಕಡೇ ದಿನದೊಳಗೆ ಕಟ್ಟಿ, ಉಳಿದದ್ದನ್ನು ಆದಷ್ಟು ಬೇಗ ತೀರಿಸಿ. ಅದಕ್ಕೆ ಬಡ್ಡಿ ಬೀಳುತ್ತದೆ ನಿಜ. ಆದರೆ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯ ಕೌಂಟರ್ ಮುಂದೆ ಕೈಯಲ್ಲಿ ದುಡ್ಡೂ ಇಲ್ಲದೆ, ಕಾರ್ಡೂ ನಡೆಯದೆ ನಿಲ್ಲುವ ಪರಿಸ್ಥಿತಿ ಬರುವುದಿಲ್ಲ.

ತೀರ್ಮಾನ

ಬಿಲ್ ಕಟ್ಟಿದ ಮೇಲೆ 72 ಗಂಟೆ ಕಾರ್ಡ್ ಬಳಸಬಾರದು, ಬಳಸಿದರೆ ಡಬಲ್ ಬಡ್ಡಿ ಎಂಬ ಸಂದೇಶ ಸುಳ್ಳು. ಬಿಲ್ ಕಟ್ಟಿದ ತಕ್ಷಣ ಲಿಮಿಟ್ ಬಂದೇ ಬರುತ್ತದೆ ಎಂಬ ಮಾತನ್ನೂ ನಂಬಿ ಕೂರುವಂತಿಲ್ಲ. ಈ ಸಂದೇಶ ನಿಮ್ಮ ಗುಂಪಿಗೂ ಬಂದರೆ ಮುಂದಕ್ಕೆ ಕಳಿಸುವ ಬದಲು ಮನೆಯವರಿಗೆ ಒಂದು ವಿಷಯ ಹೇಳಿ: ಕಾರ್ಡಿನ ಹಿಂದಿರುವ ಬ್ಯಾಂಕಿನ ನಂಬರನ್ನು ಇಂದೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಲಿ. ಗಾಬರಿಯಾದಾಗ ಹುಡುಕುವ ಕೆಲಸ ಇರುವುದಿಲ್ಲ.